ಹೆಸರು ಹಾಕಿಸದ ಲೋಟಗಳು

ಅಕ್ಕ ಹೋದ ಸುದ್ದಿ ತಿಳಿದು ಫೋನ್ ಮಾಡಿದವರೆಲ್ಲ ಕೇಳಿದ್ದು ಒಂದೇ ಮಾತು. "ನಿಮಗೆ ಏನಾಗಬೇಕಿತ್ತು ಅವರು?"

"ಓರಗಿತ್ತಿ. ನಮ್ಮೆಜಮಾನರ ದೊಡ್ಡ ಅಣ್ಣನ ಹೆಂಡತಿ" ಎನ್ನುತ್ತಿದ್ದೆ.

"ಓ, ಓರಗಿತ್ತಿಯಾ" ಎಂದು ಆ ಕಡೆಯ ದನಿ ಸ್ವಲ್ಪ ಸಡಿಲವಾಗುತ್ತಿತ್ತು. ತಾಯಿ ಹೋದರೆ ಇಷ್ಟು, ಒಡಹುಟ್ಟಿದವರು ಹೋದರೆ ಇಷ್ಟು, ಓರಗಿತ್ತಿ ಹೋದರೆ ಇಷ್ಟು ಎಂದು ಜನ ದುಃಖಕ್ಕೂ ಪಾವು ಸೇರು ಇಟ್ಟುಕೊಂಡಿರುತ್ತಾರೆ. ನನ್ನ ಪಾಲಿನ ಅಳತೆ ಮುಗಿದ ಮೇಲೂ ನನಗೆ ಅಳು ನಿಲ್ಲಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಅವರನ್ನು ಹೆಸರು ಹಿಡಿದು ಕರೆದವಳಲ್ಲ. ಮದುವೆಯಾಗಿ ನಂಜನಗೂಡಿನ ಆ ದೊಡ್ಡ ಮನೆಗೆ ಬಂದ ದಿನದಿಂದ ಅವರು ನನಗೆ ಅಕ್ಕ. ಮನೆಯಲ್ಲಿ ಮೂವರು ಅಣ್ಣತಮ್ಮಂದಿರು, ಒಂದು ದಿನಸಿ ಮಂಡಿ, ಪಕ್ಕದ ಹದಿನಾರು ಎಂಬ ಊರಿನಲ್ಲಿ ಸ್ವಲ್ಪ ಹೊಲಗದ್ದೆ, ಒಂದೇ ಒಲೆ. ಆ ಒಲೆಯ ಮುಂದೆ ಅಕ್ಕ. ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎರಡೂ ಕೈಯಲ್ಲಿ ಮುದ್ದೆ ಕಟ್ಟುತ್ತಾ, ಮೂಗಿನಿಂದಲೇ ಮಾತಾಡುತ್ತಿದ್ದರು. ಹಾಗೆ ಮಾತಾಡಿದ್ದು ಬೇರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ, ನಮ್ಮ ಮನೆಯ ಮಕ್ಕಳಿಗೆ ಮಾತ್ರ ಆಗುತ್ತಿತ್ತು.

ನಾನು ಹುಟ್ಟಿ ಓದಿದ್ದು ಟಿ. ನರಸೀಪುರದಲ್ಲಿ, ಕಾನ್ವೆಂಟಿನಲ್ಲಿ. ಅಲ್ಲಿ ಸಿಸ್ಟರ್‌ಗಳು ಕರ್ಚೀಫಿನಿಂದ ಹಿಡಿದು ನೀರಿನ ಬಾಟಲಿವರೆಗೆ ಎಲ್ಲದರ ಮೇಲೂ ಹೆಸರು ಬರೆಸುತ್ತಿದ್ದರು. ಹೆಸರಿಲ್ಲದ ವಸ್ತು ಸಿಕ್ಕಿದರೆ ಅದು ಯಾರದ್ದೂ ಅಲ್ಲ, ನೇರ ಆಫೀಸ್ ರೂಮಿನ ಪೆಟ್ಟಿಗೆಗೆ. ಆ ಅಭ್ಯಾಸ ನನ್ನ ಜೊತೆಯಲ್ಲೇ ಗಂಡನ ಮನೆಗೂ ಬಂತು. ತವರಿನಿಂದ ತಂದ ಪಾತ್ರೆಗಳನ್ನು ಬುಟ್ಟಿಗೆ ತುಂಬಿಕೊಂಡು, ಪಾತ್ರೆ ಅಂಗಡಿಯ ಮುಂದೆ ಕೂತು ಹೆಸರು ಕೊರೆಯುವವನ ಹತ್ತಿರ ಹೊರಟಿದ್ದೆ. ಅಕ್ಕ ಬಾಗಿಲಲ್ಲಿ ತಡೆದರು.

"ಎಲ್ಗವ್ವ, ಬುಟ್ಟಿ ತಗೊಂಡು?"

"ಪಾತ್ರೆಗೆ ಹೆಸರು ಹಾಕಿಸಿಕೊಂಡು ಬರ್ತೀನಿ ಅಕ್ಕ."

"ಎಸ್ರು ಯಾಕೆ? ಲೋಟ ಓಡೋಯ್ತದಾ?"

"ಕಲೆತು ಹೋಗುತ್ತಲ್ಲ ಅಕ್ಕ. ಯಾವುದು ಯಾರದ್ದು ಅಂತ ಗೊತ್ತಾಗಬೇಕಲ್ಲ."

"ಕಲ್ತೋಗ್ಲಿ ಅಂತಾನೆ ಕಣವ್ವ ಒಂದೇ ಮನೇಲಿರಾದು" ಎಂದು ಬುಟ್ಟಿಯನ್ನು ಇಸಿದುಕೊಂಡು ಒಳಗೆ ಹೋದರು. ನನ್ನ ಪಾತ್ರೆಗಳು ಅವತ್ತೇ ಅಟ್ಟಣೆಯ ಮೇಲಿನ ರಾಶಿಯಲ್ಲಿ ಸೇರಿಹೋದವು.

ಎರಡನೆಯ ಓರಗಿತ್ತಿಗೆ ಇಬ್ಬರು ಮಕ್ಕಳು, ಶಶಿ ಮತ್ತು ಸಹನಾ. ನನಗೆ ಒಬ್ಬಳು, ಮೇಘ. ಅಕ್ಕನಿಗೆ ಮಕ್ಕಳಿರಲಿಲ್ಲ. ನಾನು ಮೇಲಿನ ಮಾತನ್ನು ಬರೆದಷ್ಟು ಸಲೀಸಾಗಿ ಅದನ್ನು ಅವರೆದುರು ಯಾರೂ ಹೇಳುವಂತಿರಲಿಲ್ಲ. ಮದುವೆ ಮುಂಜಿಗಳಲ್ಲಿ ಪಕ್ಕ ಕೂತ ಹೆಂಗಸರು ಮಕ್ಕಳ ಹಿಂಡನ್ನು ನೋಡಿ, "ಇದ್ರಲ್ಲಿ ನಿಮ್ದು ಯಾವ್ದು?" ಎಂದು ಕೇಳಿಯೇ ಕೇಳುತ್ತಿದ್ದರು. ಅಕ್ಕ ಎಲೆ ಮಡಿಸುತ್ತಾ, ತಲೆ ಎತ್ತದೆ, "ಎಲ್ಲಾ ನಮ್ಮವೇ" ಎನ್ನುತ್ತಿದ್ದರು. ಕೆಲವರು ಅಷ್ಟಕ್ಕೆ ಬಿಡುತ್ತಿರಲಿಲ್ಲ. ಒಮ್ಮೆ ಬದನವಾಳು ಕಡೆಯ ನೆಂಟರಾಕೆ, "ಅದು ಸರಿ ಕಣಮ್ಮ, ನೀನು ಎತ್ತಿದ್ದು ಯಾವ್ದು ಅಂತ" ಎಂದು ಬಿಡಿಸಿ ಕೇಳಿದಳು. ಅಕ್ಕ ಬಾಯ್ತುಂಬ ಅಡಿಕೆ ಹಾಕಿಕೊಂಡು, "ಎತ್ತಿದ್ದೋ? ಮೂರನ್ನೂ ಎತ್ತಿ ಎತ್ತಿ ಸೊಂಟ ಬಿದ್ದೋಗದೆ" ಎಂದರು. ನಮ್ಮ ಕಡೆಯ ಬಾಯಲ್ಲಿ ಹೆತ್ತದ್ದೂ ಎತ್ತಿದ್ದೇ. ಪಂಕ್ತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಅವರು ಸೀರೆಯನ್ನು ಬಿಚ್ಚಿ ಮಡಿಸಿದ ರೀತಿ ನೆನಪಿದೆ. ಮಡಿಕೆಯ ಮೇಲೆ ಅಂಗೈಯಿಂದ ಬಹಳ ಹೊತ್ತು ಒತ್ತುತ್ತಲೇ ಇದ್ದರು, ಸೀರೆಗೆ ಅಷ್ಟು ಒತ್ತುವುದು ಬೇಕಿರಲಿಲ್ಲ.

ಎಲ್ಲವನ್ನೂ ಒಂದೇ ಎನ್ನುವವರು ಏನನ್ನೂ ಸರಿಯಾಗಿ ನೋಡಿರುವುದಿಲ್ಲ ಎಂದು ನನಗೊಂದು ಅನುಮಾನವಿತ್ತು. ಅಕ್ಕನನ್ನು ನೋಡುತ್ತಾ ನೋಡುತ್ತಾ ಅದು ಹೋಯಿತು. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದವರು ಒಳಗೆ ಮಗು ಕೆಮ್ಮಿದರೆ, "ಸಹನಂದು ಗಂಟ್ಲಿಂದಲ್ಲ, ಎದೇಂದು. ಎಣ್ಣೆ ಬಿಸಿ ಮಾಡು" ಎಂದು ಕೂಗುತ್ತಿದ್ದರು. ಮೆಟ್ಟಿಲ ಮೇಲೆ ಕಾಲ ಸದ್ದು ಕೇಳಿದರೆ, ಬಂದದ್ದು ಶಶಿ ಎನ್ನುವುದಷ್ಟೇ ಅಲ್ಲ, ಸ್ಕೂಲಿನಲ್ಲಿ ಏಟು ತಿಂದು ಬಂದ ಶಶಿ ಎನ್ನುವುದೂ ಅವರಿಗೆ ತಿಳಿಯುತ್ತಿತ್ತು.

ಇನ್ನು ಲೋಟಗಳು. ನಮ್ಮ ಮನೆಯಲ್ಲಿ ಮಗುವಿಗೆ ಮೊದಲ ಅನ್ನ ತಿನ್ನಿಸುವ ದಿನ ಅಕ್ಕ ಪೇಟೆಗೆ ಹೋಗಿ ಒಂದು ಪುಟ್ಟ ಸ್ಟೀಲ್ ಲೋಟ ತರುತ್ತಿದ್ದರು. ಒಂದೇ ಅಂಗಡಿ, ಒಂದೇ ಅಳತೆ, ಕಂಠದ ಕೆಳಗೆ ಒಂದೇ ಗೆರೆ. ಹೊಸದರಲ್ಲಿ ಮೂರನ್ನೂ ಸಾಲಾಗಿ ಇಟ್ಟರೆ ಹೇಳುವುದಕ್ಕೆ ಆಗುತ್ತಿರಲಿಲ್ಲ. ಆಮೇಲೆ ಮಕ್ಕಳು ತಮ್ಮ ಗುರುತನ್ನು ತಾವೇ ಹಾಕಿಕೊಂಡರು. ಶಶಿಗೆ ಹಾಲು ಕುಡಿಯುತ್ತಾ ಕಂಠ ಕಚ್ಚುವ ಚಾಳಿ. ಅವನ ಲೋಟದ ಅಂಚಿನಲ್ಲಿ ಹಲ್ಲಿನ ಗುರುತು. ಸಹನಾ ತಾರಸಿಯಿಂದ ಬೀಳಿಸಿದ್ದರಿಂದ ಅವಳದ್ದರ ಹೊಟ್ಟೆಗೆ ತಗ್ಗು. ಮೇಘ ತನ್ನದನ್ನು ನೆಲಕ್ಕೆ ಕುಟ್ಟಿ ಕುಟ್ಟಿ ತಳ ಉಬ್ಬಿಸಿದ್ದಳು. ಇಟ್ಟರೆ ನಿಲ್ಲದೆ ಟಕಟಕ ಆಡುತ್ತಿತ್ತು. ಬೆಳಗ್ಗೆ ಅಕ್ಕ ಒಲೆಯ ಕಡೆಗೇ ಮುಖ ಮಾಡಿಕೊಂಡು, ಹಿಂದಕ್ಕೆ ಕೈ ಚಾಚಿ ಲೋಟ ತೆಗೆದು ಹಾಲು ಹಾಕುತ್ತಿದ್ದರು. ಒಂದು ದಿನವೂ ಅದಲು ಬದಲಾಗಲಿಲ್ಲ. ಶಶಿಗೆ ಕೆನೆ ಬೇಕು. ಸಹನಾಗೆ ಕೆನೆ ಕಂಡರೆ ವಾಂತಿ. ಮೇಘಳಿಗೆ ಸಕ್ಕರೆ ಆಗದು, ಬೆಲ್ಲ, ಅದೂ ಉಗುರುಬೆಚ್ಚಗೆ.

"ಎಲ್ಲಾ ಒಂದೇ ಅಂತೀರಿ, ಮೂರು ಲೋಟಕ್ಕೆ ಮೂರು ಥರ ಹಾಲು ಮಾಡ್ತೀರಲ್ಲ ಅಕ್ಕ" ಎಂದು ನಾನು ಒಮ್ಮೆ ರೇಗಿಸಿದೆ.

ಅಕ್ಕ ನನ್ನನ್ನು ಪೆದ್ದಿಯನ್ನು ನೋಡಿದ ಹಾಗೆ ನೋಡಿದರು. "ಒಂದೇ ಕಣವ್ವ. ಒಂದೇ ಅಂತ ಎಲ್ಲಾರ್ಗೂ ಕೆನೆ ಆಕಿ ಕೊಡಕ್ಕಾಯ್ತದಾ?"

ಅವರು ನನ್ನ ಮೇಲೆ ನಿಜವಾಗಿ ಸಿಟ್ಟಾದದ್ದು ಒಂದೇ ಸಲ. ನನಗೆ ಏಳನೆಯ ತಿಂಗಳು. ನಮ್ಮೆಜಮಾನರು ಮೈಸೂರಿಗೆ ಹೋದವರು ಹಳದಿ ಉಲ್ಲನ್ನಿನ ಪುಟ್ಟ ಟೋಪಿ, ಕಾಲುಚೀಲ ತಂದಿದ್ದರು. ನಾನು ಟೋಪಿಯನ್ನು ಮುಷ್ಟಿಗೆ ಹಾಕಿಕೊಂಡು ಅಕ್ಕನಿಗೆ ತೋರಿಸಲು ಓಡಿದೆ. ಅವರ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ನನ್ನ ಕೈಯಿಂದ ಟೋಪಿಯನ್ನು ಕಿತ್ತುಕೊಂಡು, ಕಾಲುಚೀಲವನ್ನೂ ತೆಗೆದುಕೊಂಡು, ಚಪ್ಪಲಿಯನ್ನೂ ಹಾಕಿಕೊಳ್ಳದೆ ಬೀದಿಗಿಳಿದು, ಮೂಲೆಮನೆಯ ಬಾಣಂತಿಗೆ ಕೊಟ್ಟು ಬಂದರು.

"ಉಟ್ಟೋಗಂಟ ಈ ಮನೆಗೆ ಒಂದು ದಾರನೂ ಬರಕೂಡ್ದು. ತಿಳೀತಾ? ಒಂದು ದಾರ!"

"ಹೀಗೆಲ್ಲ ನಂಬಬಾರದು ಅಕ್ಕ, ಸಿಸ್ಟರ್ ಹೇಳ್ತಿದ್ರು..." ಎಂದು ನಾನು ಶುರು ಮಾಡಿದೆ.

"ನಿಮ್ ಸಿಸ್ಟರ್ ಬಸುರಿಯಾಗಿದ್ರಾ?"

ನಾನು ರೂಮಿಗೆ ಹೋಗಿ ಅತ್ತೆ. ಹಳೆಯ ಕಾಲದವರು, ಮೂಢನಂಬಿಕೆ ಎಂದು ಸಮಾಧಾನ ಮಾಡಿಕೊಂಡೆ. ಸಂಜೆ ಅಕ್ಕ ರಸಬಾಳೆಹಣ್ಣು ಸುಲಿದು ತಂದು, ನನ್ನ ಪಕ್ಕ ಕೂತು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಇದ್ದರು. ಮೇಘ ಒಳಗಿನಿಂದ ಒದ್ದಳು. ಅಕ್ಕ ಕೈಯನ್ನು ತಟ್ಟನೆ ಹಿಂದಕ್ಕೆ ತೆಗೆದುಕೊಂಡು, ಮತ್ತೆ ಮೆಲ್ಲಗೆ ಇಟ್ಟರು.

ಮನೆ ಪಾಲಾದದ್ದು ಜಗಳದಿಂದಲ್ಲ. ಮಂಡಿ ಬೆಳೆಯಿತು, ಟಿ. ನರಸೀಪುರದಲ್ಲಿ ಇನ್ನೊಂದು ಅಂಗಡಿಯಾಯಿತು, ಅದನ್ನು ದೊಡ್ಡ ಭಾವ ನೋಡಿಕೊಳ್ಳಬೇಕಾಯಿತು. ಮಕ್ಕಳ ಓದು, ಜಾಗ ಸಾಲದು, ಎಲ್ಲ ಮನೆಯ ಹಾಗೆಯೇ. ನನ್ನ ತವರೂರಿಗೆ ಅಕ್ಕ ಹೊರಟರು, ನಾನು ಅವರ ಊರಿನಲ್ಲಿ ಉಳಿದೆ. ಹೊರಡುವ ಮೊದಲು ಪಾತ್ರೆ ಹಂಚಬೇಕಿತ್ತು. ಅಟ್ಟಣೆಯ ಮೇಲಿನದ್ದೆಲ್ಲ ಇಳಿಸಿ ನಡುಮನೆಯಲ್ಲಿ ಸುರಿದರೆ ದೊಡ್ಡ ಗುಡ್ಡೆ. ಒಂದರ ಮೇಲೂ ಹೆಸರಿಲ್ಲ. ಮೂವರು ಗಂಡಸರೂ ಗುಡ್ಡೆಯ ಮುಂದೆ ಕೈಕಟ್ಟಿ ನಿಂತರು.

"ಅತ್ತಿಗೇನೇ ಯೋಳ್ಬೇಕು. ನಮ್ಗೇನ್ ಗೊತ್ತಾಯ್ತದೆ" ಎಂದರು ನಡುವಿನ ಭಾವ.

ಅಕ್ಕ ನೆಲಕ್ಕೆ ಕೂತರು. ಒಂದೊಂದನ್ನೇ ಕೈಗೆ ತೆಗೆದುಕೊಂಡು, ತಿರುಗಿಸಿಯೂ ನೋಡದೆ, "ಇದು ಇವಳ ತವರಿಂದು", "ಇದು ಅತ್ತೇಯೋರ್ದು, ಮೂರು ಜನಕ್ಕೂ ಬರ್ಬೇಕು", "ಇದು ಸಣ್ಣೋಳ್ದು" ಎಂದು ಇಡುತ್ತಾ ಹೋದರು. ಕಲೆಯಲಿ ಎಂದು ಅಷ್ಟು ವರ್ಷ ಕಲೆಸಿದವರು ಅವರೇ. ಬಿಡಿಸುವಾಗ ಒಂದು ಚಮಚವೂ ತಪ್ಪಲಿಲ್ಲ. ನನ್ನ ರಾಶಿ ಬೆಳೆಯುತ್ತಿತ್ತು. ಅವತ್ತು ಅವರ ಸೆರಗು ಹಲ್ಲಿನಲ್ಲಿರಲಿಲ್ಲ, ಒಂದೊಂದು ಮಾತೂ ಎಲ್ಲರಿಗೂ ಅರ್ಥವಾಗುತ್ತಿತ್ತು.

ಕೊನೆಗೆ ಅವರು ಕೇಳಿದ್ದು, "ಮಕ್ಳು ಲೋಟ ನಾನು ಮಡಿಕ್ಕೊತೀನಿ. ಆಯ್ತಾ?"

ಎರಡನೆಯವಳು ನಕ್ಕಳು. "ಏನಕ್ಕ, ಗುಜರಿಯೋನೂ ಮುಟ್ಟದ್ನ ಕೇಳ್ತೀರಿ!"

"ಅದ್ಕೇ ಕೇಳ್ತಿರಾದು" ಎಂದು ಅಕ್ಕ ಎದ್ದು, ಅಡುಗೆಮನೆಯ ಕಪಾಟಿನಿಂದ ಒಂದು ಹಳೆ ಸೀರೆಯ ಗಂಟು ತಂದು ಟ್ರಂಕಿನಲ್ಲಿಟ್ಟರು. ಲೋಟಗಳನ್ನು ಆಗಲೇ ಕಟ್ಟಿಟ್ಟಿದ್ದರು.

ಅದರ ಮರುವಾರವೇ ನಾನು ನನ್ನ ಪಾಲಿನ ಪಾತ್ರೆಗಳಿಗೆಲ್ಲ ಹೆಸರು ಹಾಕಿಸಿದೆ.

ನಮ್ಮ ನಂಜನಗೂಡಿನ ಸೋಪಾನಕಟ್ಟೆಯ ಮುಂದೆ ಹರಿಯುವ ಹೊಳೆಯೇ ಮುಂದೆ ನರಸೀಪುರಕ್ಕೆ ಹೋಗುತ್ತದೆ. ಮೊದಮೊದಲು ಮಕ್ಕಳೂ ಹಾಗೆಯೇ ಪ್ರತಿ ರಜೆಗೂ ಹೋಗುತ್ತಿದ್ದರು. ಆಮೇಲೆ ಟ್ಯೂಷನ್, ಪರೀಕ್ಷೆ, ಕಾಲೇಜು. ಅಕ್ಕ ಫೋನ್ ಮಾಡಿದರೆ, "ಮಕ್ಳು ಯಾವಾಗ ಬತ್ತವೆ?" ಎನ್ನುತ್ತಿದ್ದವರು ಬರಬರುತ್ತಾ, "ನಿಮ್ ಮಗಳು ಚೆನ್ನಾಗವ್ಳಾ?" ಎನ್ನತೊಡಗಿದರು. ಆ 'ನಿಮ್ ಮಗಳು' ಕೇಳಿದಾಗೆಲ್ಲ ಅದನ್ನು ತಿದ್ದಬೇಕು ಎನ್ನಿಸುತ್ತಿತ್ತು. ಏನೆಂದು ಹೇಳಲಿ? ಅಲ್ಲ ಅಕ್ಕ ಎನ್ನಲಿಕ್ಕೆ ಅವಳು ನನ್ನ ಮಗಳೇ.

ಸಹನಾಳ ಮದುವೆಯಲ್ಲಿ ಧಾರೆಯ ಹೊತ್ತಿಗೆ ಐನೋರು, "ಎತ್ತೋರು ಮುಂದಕ್ಕೆ ಬನ್ನಿ, ಎತ್ತೋರು ಮಾತ್ರ" ಎಂದು ಗದರಿದರು. ಮಂಟಪದಲ್ಲಿ ಅಷ್ಟು ಜನ ನುಗ್ಗಿದ್ದರು. ಅಲ್ಲಿಯವರೆಗೂ ಸಹನಾಳ ಬೆನ್ನಿಗೆ ಅಂಟಿಕೊಂಡು ನಿಂತಿದ್ದ ಅಕ್ಕ ತಾವಾಗಿಯೇ ಹಿಂದೆ ಸರಿದರು. ಯಾರೂ ಅವರಿಗೆ ಸರಿದುಕೊಳ್ಳಿ ಎಂದಿರಲಿಲ್ಲ. ಬಾಸಿಂಗದ ದಾರ ಸಡಿಲವಾಗಿದೆ ಎಂದು ಅವರು ಗಂಟು ಬಿಗಿಮಾಡುತ್ತಿದ್ದರು. ಆ ಗಂಟನ್ನು ಅರ್ಧಕ್ಕೇ ಬಿಟ್ಟು ಸರಿದರು.

ಈಚೆಗೆ ಒಂದು ಬೆಳಗ್ಗೆ ಅಕ್ಕ ಹಾಲು ಕಾಯಿಸುತ್ತಾ ನಿಂತವರು ಒಲೆಯ ಪಕ್ಕವೇ ಕುಸಿದರಂತೆ. ಮೈಸೂರಿನ ಆಸ್ಪತ್ರೆಗೆ ಸೇರಿಸಿದ್ದರು. ನಾವು ಹೋಗುವಷ್ಟರಲ್ಲಿ ಮಾತಿರಲಿಲ್ಲ. ಐಸಿಯು ಬಾಗಿಲಲ್ಲಿ ಸೆಕ್ಯುರಿಟಿಯವನು ಒಬ್ಬೊಬ್ಬರನ್ನೂ ತಡೆದು, "ಸ್ವಂತದವ್ರು ಮಾತ್ರ. ನಿಮಗೆ ಏನಾಗ್ಬೇಕು?" ಎನ್ನುತ್ತಿದ್ದ.

ಮೇಘ, "ಮಗಳು" ಎಂದಳು. ಒಳಗೆ ಬಿಟ್ಟ. ಅವಳು ಬಂದ ಮೇಲೆ ಶಶಿ, "ಮಗ" ಎಂದ. ಗಂಡನ ಮನೆಯಿಂದ ಓಡೋಡಿ ಬಂದ ಸಹನಾ, "ನಾನೂ ಮಗಳೇ" ಎಂದಳು.

ಅವನಿಗೆ ಅನುಮಾನ ಬಂತು. ಬೆಂಚಿನ ಮೇಲೆ ಕೂತಿದ್ದ ದೊಡ್ಡ ಭಾವನ ಕಡೆ ತಿರುಗಿ, "ಎಷ್ಟು ಜನ ಯಜಮಾನ್ರೇ ನಿಮ್ಗೆ ಮಕ್ಳು?" ಎಂದ.

ಭಾವ ಬಾಯಿ ತೆರೆದರು. ಏನೋ ಲೆಕ್ಕ ತಪ್ಪಿದವರ ಹಾಗೆ ಮತ್ತೆ ಮುಚ್ಚಿದರು. ಆಮೇಲೆ, "ಬುಡಪ್ಪ, ಎಲ್ಲಾರ್ನೂ ಬುಡು" ಎಂದರು.

ಮೂವರು ಮಕ್ಕಳೂ ಬಾಗಿಲಲ್ಲಿ ಹೇಳಿದ್ದು ಅಕ್ಕನಿಗೆ ಕೇಳಿತೋ ಇಲ್ಲವೋ ನನಗೆ ಗೊತ್ತಿಲ್ಲ. ಕಾಲಸಪ್ಪಳದಲ್ಲೇ ಗುರುತು ಹಿಡಿಯುತ್ತಿದ್ದವರು. ಆದರೆ ಅಲ್ಲಿ ಎಲ್ಲರಿಗೂ ಒಂದೇ ಥರದ ಬಟ್ಟೆಯ ಚೀಲವನ್ನು ಕಾಲಿಗೆ ಹಾಕಿಸಿ ಕಳಿಸುತ್ತಿದ್ದರು. ಸಪ್ಪಳವೇ ಆಗುತ್ತಿರಲಿಲ್ಲ.

ಮಣ್ಣು ಮಾಡಿದ್ದು ಹದಿನಾರಿನ ನಮ್ಮ ಹೊಲದಲ್ಲಿ. ಅಲ್ಲೊಂದು ಮಾತಾಯಿತು. ಅತ್ತೆ ಮಾವನ ಸಮಾಧಿಗಳ ಪಕ್ಕದಲ್ಲಿ ಜಾಗವಿತ್ತು. ದೊಡ್ಡ ಭಾವ ಅದನ್ನು ಬಿಟ್ಟು, ದೂರದ ಬದುವಿನ ಹತ್ತಿರ ಕೋಲಿನಿಂದ ತೋರಿಸಿ, "ಇಲ್ಲಿ ತೆಗೀರಿ" ಎಂದರು.

"ಇದೇನ್ಲಾ, ಅತ್ತೆ ಮಾವನ ಮಗ್ಗುಲು ಬುಟ್ಟು ಮೂಲೇಲಿ ಮಡುಗ್ತೀಯಾ? ಮನೆಗೆ ಇರಿಸೊಸೆ ಕಣ್ಲಾ ಅವ್ಳು" ಎಂದು ಊರಿನ ಹಿರಿಯರೊಬ್ಬರು ರೇಗಿದರು.

"ಇಲ್ಲೇ" ಎಂದರು ಭಾವ.

ಹಾಲುತುಪ್ಪದ ಹಿಂದಿನ ದಿನ ಮಧ್ಯಾಹ್ನ ನಾವೆಲ್ಲ ನರಸೀಪುರದ ಮನೆಯಲ್ಲಿದ್ದೆವು. ಸಮಾಧಿಗೆ ಒಯ್ಯಲು ಪಾತ್ರೆ ಹುಡುಕುತ್ತಾ ಎರಡನೆಯವಳು ಕಪಾಟಿನ ಮೇಲಿನ ಹಲಗೆಯಿಂದ ಒಂದು ಗಂಟು ಇಳಿಸಿದಳು. ಅದೇ ಹಳೆ ಸೀರೆ. ಮಕ್ಕಳು ಸುತ್ತ ಕೂತು ಬಿಚ್ಚಿದರು. ಶಶಿ ಒಂದನ್ನು ಎತ್ತಿ ತುಟಿಗಿಟ್ಟುಕೊಂಡ. ಕೂದಲು ನರೆಯುವುದಕ್ಕೆ ಶುರುವಾಗಿರುವ ಗಂಡಸು. ತನ್ನ ಹಾಲುಹಲ್ಲಿನ ಗುರುತು ನಾಲಿಗೆಗೆ ಸಿಕ್ಕಿದ ಕೂಡಲೇ ಮುಖ ಮುಚ್ಚಿಕೊಂಡು ಬಿಕ್ಕಿದ. ಸಹನಾ ತಗ್ಗಿನಲ್ಲಿ ಹೆಬ್ಬೆರಳು ಇಟ್ಟುಕೊಂಡು ಕೂತಳು. ಮೇಘ ತನ್ನದನ್ನು ನೆಲದ ಮೇಲಿಟ್ಟಳು. ಟಕಟಕ ಎಂದಿತು.

ಗಂಟಿನಲ್ಲಿ ಇನ್ನೊಂದು ಉಳಿದಿತ್ತು.

"ಇದ್ಯಾರ್ದು?" ಎಂದಳು ಎರಡನೆಯವಳು. ಅದೇ ಅಳತೆ, ಕಂಠದ ಕೆಳಗೆ ಅದೇ ಗೆರೆ. ಸ್ಟೀಲು ಮಾತ್ರ ಹಳೆಯದು, ಹೊಳಪು ಮಂಕಾಗಿತ್ತು. ತಗ್ಗಿಲ್ಲ, ಗೀರಿಲ್ಲ, ಹಲ್ಲಿನ ಗುರುತಿಲ್ಲ. "ಜಾಸ್ತಿ ಇರ್ಲಿ ಅಂತ ತಂದಿದ್ರೇನೋ."

"ಅದ್ನ ಇಲ್ಲಿ ಕೊಡವ್ವ" ಎಂದರು ದೊಡ್ಡ ಭಾವ. ಅವರು ಬಾಗಿಲಲ್ಲಿ ಬಂದು ನಿಂತದ್ದನ್ನು ನಾವು ನೋಡಿರಲಿಲ್ಲ. ಲೋಟವನ್ನು ತೆಗೆದುಕೊಂಡು, ಅದು ಸ್ವಚ್ಛವಾಗಿಯೇ ಇದ್ದರೂ, ಹೆಗಲ ಮೇಲಿನ ಟವೆಲಿನಿಂದ ಒರೆಸಿದರು.

"ನಮ್ ಮಗೀಂದು. ನೀವಿಬ್ರೂ ಬರೋಕ್ಮುಂಚೆ. ಆಸೆ ತಡೀನಾರ್ದೆ ಉಟ್ಟೋ ಮುಂಚೇನೇ ಲೋಟ ತಂದ್ಬುಟ್ಲು. ಅವ್ವ ಬ್ಯಾಡ ಅಂತು, ಕೇಳ್ನಿಲ್ಲ. ಏಳ್ನೇ ತಿಂಗ್ಳಲ್ಲಿ ಓಯ್ತು ಕೂಸು. ಉಸ್ರೇ ಇರ್ನಿಲ್ಲ." ಲೋಟವನ್ನು ಇನ್ನೊಮ್ಮೆ ಒರೆಸಿ, "ನಾನು ಲೋಟ ತಂದಿದ್ಕೇ ಓಯ್ತು ಅಂತ ಕೊನೇಗಂಟ ಅಂದ್ಕೊಂಡಿದ್ಲು. ಅದಲ್ಲ ಕಣೆ ಅಂತ ಎಷ್ಟು ಯೋಳುದ್ರೂ ಕೇಳ್ನಿಲ್ಲ" ಎಂದರು.

ನನ್ನ ಮುಷ್ಟಿಯ ಮೇಲಿದ್ದ ಹಳದಿ ಟೋಪಿ ಕಣ್ಣಮುಂದೆ ಬಂತು. ಬರಿಗಾಲಲ್ಲಿ ಬೀದಿಗಿಳಿದು ಓಡಿದ ಅಕ್ಕ. ನನ್ನ ಮಗುವನ್ನು ಉಳಿಸಲು ಓಡಿದ್ದರು.

"ಏನು ಮಗು ಭಾವ?" ಎಂದು ಕೇಳಿದೆ.

"ಎಣ್ಣು. ಆ ಬದುವಿನ್ ತಾವೇ ಮಡುಗಿದ್ದು."

ಮರುದಿನ ಹೊಲದಲ್ಲಿ ನೆಂಟರೆಲ್ಲ ಸಾಲಾಗಿ ಅಕ್ಕನ ಮಣ್ಣಿನ ಮೇಲೆ ಹಾಲು ತುಪ್ಪ ಬಿಟ್ಟರು. ಮಕ್ಕಳು ಮೂವರೂ ತಮ್ಮ ತಮ್ಮ ಲೋಟದಲ್ಲಿ ಹಾಲು ತುಂಬಿಕೊಂಡು ತಂದಿದ್ದರು. ಕೊನೆಗೆ ದೊಡ್ಡ ಭಾವ ಬಂದರು. ಹೆಂಡತಿಗೆ ದೊಡ್ಡ ತಂಬಿಗೆಯಿಂದ ಹಾಲು ಬಿಟ್ಟರು. ಆಮೇಲೆ ಜೇಬಿನಿಂದ ಆ ಲೋಟವನ್ನು ತೆಗೆದು, ನನ್ನ ಕಡೆ ಚಾಚಿದರು. ನಾನು ಹಾಲು ಹಾಕಿದೆ. ಅದರೊಳಗೆ ಹಾಲು ಬಿದ್ದದ್ದು ಅದೇ ಮೊದಲು. ಅವರು ಸಮಾಧಿಯನ್ನು ಬಳಸಿ, ಬದುವಿನ ಪಕ್ಕ, ಕಲ್ಲಾಗಲೀ ಗುರುತಾಗಲೀ ಇಲ್ಲದ ಬರಿ ನೆಲದ ಮೇಲೆ ಅದನ್ನು ನಿಧಾನವಾಗಿ ಸುರಿದರು. ಊರಿನವರು ಮುಖ ಮುಖ ನೋಡಿಕೊಂಡರು. ಅಲ್ಲೇ ಇದ್ದ ಆ ಹಿರಿಯರು ಮಾತ್ರ ತಲೆಯ ಮೇಲಿನ ಟವೆಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಮೇಘಳ ಲೋಟದ ತಳದಲ್ಲಿ ಇನ್ನೂ ಸ್ವಲ್ಪ ಹಾಲಿತ್ತು. ಅವಳು ಹೋಗಿ ಅದನ್ನು ಆ ನೆಲದ ಮೇಲೆ ಬಿಟ್ಟಳು. ಅವಳ ಹಿಂದೆ ಸಹನಾ. ಅವಳ ಹಿಂದೆ ಶಶಿ. ಯಾರೂ ಅವರಿಗೆ ಹೇಳಿರಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಆ ಗಂಟು ನನ್ನ ತೊಡೆಯ ಮೇಲಿತ್ತು. "ನೀನೇ ಮಡಿಕ್ಕೊವ್ವ" ಎಂದು ಭಾವ ನಾಲ್ಕನ್ನೂ ಒಟ್ಟಿಗೆ ಕಟ್ಟಿ ಕೊಟ್ಟಿದ್ದರು. ರಸ್ತೆಯ ಗುಂಡಿಗಳಿಗೆ ಕಾರು ಎತ್ತಿ ಹಾಕಿದಾಗೆಲ್ಲ ಒಳಗೆ ಲೋಟಗಳು ಒಂದಕ್ಕೊಂದು ತಗುಲುತ್ತಿದ್ದವು. ನಾನು ಕಣ್ಣು ಮುಚ್ಚಿ, ಯಾವ ಸದ್ದು ಯಾವುದರದ್ದು ಎಂದು ಕೇಳಿಸಿಕೊಳ್ಳಲು ನೋಡಿದೆ. ಗೊತ್ತಾಗಲಿಲ್ಲ. ಅಕ್ಕನಿಗೆ ಗೊತ್ತಾಗುತ್ತಿತ್ತು.